ಊರು ನೋಡುವುದು ಆಮೇಲೆ, ಮೊದಲು ಇರುವ ಜಾಗ ನೋಡಿ

(ತುಮಕೂರಿನಲ್ಲಿ ಪೋಷಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ಮನೆಕೆಲಸ ಬಿಟ್ಟು ಇಷ್ಟು ಜನ ಬಂದಿದ್ದೀರಿ. ಮಕ್ಕಳನ್ನೂ ಕರೆದುಕೊಂಡು ಬಂದಿದ್ದೀರಿ, ತುಂಬಾ ಒಳ್ಳೆಯದಾಯಿತು. ಇವತ್ತಿನ ವಿಷಯ ಅವರಿಗೂ ಸೇರಿದ್ದು.

ಗಂಡ, ಮಕ್ಕಳು, ಅತ್ತೆ ಎಲ್ಲರ ಜೊತೆ ತಿಂಗಳುಗಟ್ಟಲೆ ಊರೂರು ಸುತ್ತಿದವರು ಅಂತ ನನ್ನನ್ನು ಇಲ್ಲಿಗೆ ಕರೆದಿದ್ದಾರೆ. ಯಾರೇ ಸಿಕ್ಕಲಿ, ಮೊದಲು ಕೇಳುವುದು "ಎಲ್ಲೆಲ್ಲಿ ಹೋಗಿದ್ರಿ?" ಅಂತ. ಆಮೇಲೆ "ಖರ್ಚು ಎಷ್ಟಾಯ್ತು?" ಅಂತ. "ಎಲ್ಲಿ ಉಳ್ಕೊಂಡ್ರಿ?" ಅಂತ ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಅದೇ ದೊಡ್ಡ ಪ್ರಶ್ನೆ. ಎರಡು ದಿನದ ಟ್ರಿಪ್ಪಿನಲ್ಲಿ ರೂಮು ಹೇಗಿದ್ದರೂ ನಡೆಯುತ್ತದೆ. ಬೆಳಗ್ಗೆ ಎದ್ದು ಹೊರಟರೆ ರಾತ್ರಿ ಬಂದು ಮಲಗುತ್ತೇವೆ ಅಷ್ಟೆ. ತಿಂಗಳುಗಟ್ಟಲೆ ಹೊರಗಿದ್ದಾಗ ಹಾಗಲ್ಲ. ಆ ರೂಮೇ ಮನೆ. ಅಡುಗೆ ಅಲ್ಲೇ, ಬಟ್ಟೆ ಒಗೆಯುವುದು ಅಲ್ಲೇ, ಮಕ್ಕಳ ಓದು ಅಲ್ಲೇ, ಅತ್ತೆಯ ಪೂಜೆ ಅಲ್ಲೇ. ಮಗುವಿಗೆ ಜ್ವರ ಬಂದರೆ ಮೂರು ದಿನ ಕೂರುವುದೂ ಅಲ್ಲೇ. ಜಾಗ ಸರಿ ಇಲ್ಲದಿದ್ದರೆ ಎಂಥ ಹಿಮಾಲಯ ಕಣ್ಣೆದುರು ಇದ್ದರೂ ಮನೆಮಂದಿಯ ಮುಖ ಗಂಟಾಗಿರುತ್ತದೆ.

ನಾನು ಹೇಳಬೇಕು ಅಂತ ಬಂದಿರುವುದು ಒಂದೇ ಮಾತು. ಫೋನಿನಲ್ಲಿ ಕಡಿಮೆ ಬುಕ್ ಮಾಡಿ. ಹೋಗಿ ಕಣ್ಣಾರೆ ನೋಡಿ, ಬಾಯಿಬಿಟ್ಟು ಕೇಳಿ, ಆಮೇಲೆ ದುಡ್ಡು ಕೊಡಿ. ಇದು ಎಲ್ಲಾ ಕಡೆ ನಡೆಯಲ್ಲ. ಎಲ್ಲಿ ನಡೆಯಲ್ಲ ಅನ್ನುವುದನ್ನೂ ಹೇಳುತ್ತೇನೆ.

ಹೊಸ ಊರಿಗೆ ಹೋಗುವಾಗ ಮೊದಲ ಎರಡು ಮೂರು ರಾತ್ರಿಗೆ ಮಾತ್ರ ಬುಕ್ ಮಾಡಿ. ಅದು ಬಸ್ ಸ್ಟ್ಯಾಂಡಿಗೋ ರೈಲ್ವೆ ಸ್ಟೇಷನ್ನಿಗೋ ಹತ್ತಿರ ಇದ್ದರೆ ಸಾಕು, ಚೆಂದ ಇರಬೇಕಾಗಿಲ್ಲ. ರೈಲು ನಡುರಾತ್ರಿ ತಲುಪುತ್ತದೆ ಅನ್ನಿ. ದೊಡ್ಡ ಸ್ಟೇಷನ್‌ಗಳಲ್ಲಿ ಪ್ರಯಾಣಿಕರು ಉಳಿದುಕೊಳ್ಳಲು ರಿಟೈರಿಂಗ್ ರೂಮ್ ಇರುತ್ತದೆ. ಟಿಕೆಟ್ ಕನ್ಫರ್ಮ್ ಅಥವಾ ಆರ್‌ಎಸಿ ಆಗಿದ್ದರೆ ಐಆರ್‌ಸಿಟಿಸಿ ವೆಬ್‌ಸೈಟಿನಲ್ಲಿ ಪಿಎನ್‌ಆರ್ ನಂಬರ್ ಹಾಕಿ ಮೊದಲೇ ತೆಗೆದುಕೊಳ್ಳಬಹುದು. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದಾಗ ಅಪರಾತ್ರಿಯಲ್ಲಿ ಆಟೋದವರ ಹತ್ತಿರ ವಾದ ಮಾಡುವುದಕ್ಕಿಂತ ಅದು ಎಷ್ಟೋ ಮೇಲು.

ಬೆಳಗ್ಗೆ ಎದ್ದು ಕಾಫಿ ಕುಡಿದು ನಡೆದುಕೊಂಡು ಹೊರಡಿ. ನಾವು ಇಲ್ಲಿ ಮನೆ ಹುಡುಕುವುದು ಹೇಗೆ ಹೇಳಿ? ಎಸ್‌ಐಟಿ ಇಂಜಿನಿಯರಿಂಗ್ ಕಾಲೇಜಿನ ಹತ್ತಿರ ಮಗನಿಗೆ ರೂಮು ಬೇಕು ಅಂದರೆ ಫೋಟೊ ನೋಡಿ ಅಡ್ವಾನ್ಸ್ ಕೊಡುತ್ತೇವಾ? ಬಡಾವಣೆಯಲ್ಲಿ ಒಂದು ಸುತ್ತು ಹಾಕುತ್ತೇವೆ. ಟು ಲೆಟ್ ಬೋರ್ಡ್ ಹುಡುಕುತ್ತೇವೆ. ಅಂಗಡಿಯವರನ್ನು ಕೇಳುತ್ತೇವೆ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಪಕ್ಕದ ಮನೆಯವರನ್ನು ವಿಚಾರಿಸುತ್ತೇವೆ. ಬೇರೆ ಊರಿಗೆ ಹೋದ ಕೂಡಲೇ ಈ ಬುದ್ಧಿ ಎಲ್ಲಾ ಬಿಟ್ಟು ಫೋನಿನ ಫೋಟೊ ನಂಬುತ್ತೇವೆ. ದಿನಸಿ ಅಂಗಡಿ, ಹಾಲಿನ ಬೂತು, ಮೆಡಿಕಲ್ ಸ್ಟೋರ್, ಈ ಮೂರು ಕಡೆ ಕೇಳಿದರೆ ಆ ಬೀದಿಯಲ್ಲಿ ಯಾರ ಮನೆಯ ಮಹಡಿ ಖಾಲಿ ಇದೆ ಅಂತ ಗೊತ್ತಾಗುತ್ತದೆ. ಹಿಂದಿ ಸರಿಯಾಗಿ ಬರದಿದ್ದರೂ ಪರವಾಗಿಲ್ಲ. ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ. ಮಕ್ಕಳಿರುವವರನ್ನು ಜನ ಕೂರಿಸಿ ಮಾತಾಡಿಸುತ್ತಾರೆ.

ಬಾಡಿಗೆ ವಿಷಯಕ್ಕೆ ಬರೋಣ. ದಿನದ ಬಾಡಿಗೆಯ ಒಳಗೆ ಏನೇನು ಇರುತ್ತದೆ ಯೋಚನೆ ಮಾಡಿ. ದಿನಾ ಹಾಸಿಗೆ ಬಟ್ಟೆ ಬದಲಾಯಿಸುವ ಖರ್ಚು, ಆ್ಯಪ್‌ನವರಿಗೆ ಕೊಡುವ ಕಮಿಷನ್, ಮುಂದಿನ ವಾರ ರೂಮು ಖಾಲಿ ಬಿದ್ದರೆ ಆಗುವ ನಷ್ಟ. ನೀವು ಒಂದು ತಿಂಗಳು ಇರುತ್ತೇವೆ ಅಂದರೆ ಮಾಲೀಕರಿಗೆ ಈ ಮೂರೂ ತಲೆನೋವು ಕಡಿಮೆ. ಹಾಗಾಗಿ ದಿನಕ್ಕೆ 1,500 ರೂಪಾಯಿ ಅಂದ ರೂಮನ್ನು ತಿಂಗಳಿಗೆ 45,000 ಅಂತ ಲೆಕ್ಕ ಹಾಕಿ ಹೆದರಬೇಡಿ. "ತಿಂಗಳಿಗೆ ಎಷ್ಟು ತಗೋತೀರಿ?" ಅಂತ ಬೇರೆಯಾಗಿ ಕೇಳಿ. ಅದು ಬೇರೆಯೇ ಲೆಕ್ಕ.

ಜನ ತಮ್ಮ ಮನೆ, ರೂಮನ್ನು ಬಾಡಿಗೆಗೆ ಕೊಡುವ ಏರ್‌ಬಿಎನ್‌ಬಿ ಆ್ಯಪ್‌ನಲ್ಲೂ ಇದೇ ಲೆಕ್ಕ ನಡೆಯುತ್ತದೆ. ಅಲ್ಲಿ 7 ರಾತ್ರಿಗೆ ವಾರದ ರಿಯಾಯಿತಿ, 28 ರಾತ್ರಿಗೆ ತಿಂಗಳ ರಿಯಾಯಿತಿ ಇಡಲು ಮನೆಯವರಿಗೆ ಅವಕಾಶ ಇದೆ. ನಿಮಗೆ 25 ರಾತ್ರಿ ಬೇಕಾಗಿದ್ದರೂ ಒಮ್ಮೆ 28 ರಾತ್ರಿ ಹಾಕಿ ನೋಡಿ. ಎಷ್ಟೋ ಸಲ ಒಟ್ಟು ಮೊತ್ತವೇ ಕಡಿಮೆ ಬರುತ್ತದೆ. ಆದರೆ 28 ರಾತ್ರಿ ಅಥವಾ ಅದಕ್ಕಿಂತ ಹೆಚ್ಚಾದರೆ ರದ್ದು ಮಾಡುವ ನಿಯಮ ಬೇರೆ, ಗಟ್ಟಿಯಾಗಿರುತ್ತದೆ. ಅದನ್ನು ಓದದೆ ದುಡ್ಡು ಕಟ್ಟಬೇಡಿ.

ತೆರಿಗೆಯನ್ನೂ ನೋಡಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಹೋಟೆಲ್ ರೂಮಿಗೆ ಜಿಎಸ್‌ಟಿ 5 ಪರ್ಸೆಂಟ್. ಅದಕ್ಕೆ ಮುಂಚೆ 12 ಇತ್ತು. ಹಳೇ ದರದಲ್ಲೇ ಬಿಲ್ ಕೊಟ್ಟರೆ ಕೇಳಿ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಒಂದೇ ಜಾಗದಲ್ಲಿ ಸತತವಾಗಿ 90 ದಿನವಾದರೂ ಇದ್ದು, ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿ ಮೀರದಿದ್ದರೆ ಆ ವಸತಿಗೆ ಜಿಎಸ್‌ಟಿ ಇಲ್ಲ. 2024ರಲ್ಲಿ ಬಂದ ನಿಯಮ ಇದು. ಹಾಸ್ಟೆಲ್ ಮಕ್ಕಳಿಗೆ, ಕೆಲಸಕ್ಕೆ ಹೋಗುವವರಿಗೆ ಅನುಕೂಲವಾಗಲಿ ಅಂತ ತಂದಿದ್ದು. ಮೂರು ತಿಂಗಳು ಒಂದೇ ಕಡೆ ಇರುವ ಕುಟುಂಬಕ್ಕೂ ಉಪಯೋಗಕ್ಕೆ ಬರುತ್ತದೆ.

ಈಗ ಮುಖ್ಯವಾದ ಮಾತು. ಯಾವ ಊರಿನಲ್ಲಿ ತಿಂಗಳ ಬಾಡಿಗೆಗೆ ಸಿಗುತ್ತದೆ? ನಾನು ಗಮನಿಸಿದ್ದು ಇಷ್ಟು. ಜನ ನೋಡುವುದಕ್ಕೆ ಬರುವ ಊರಿನಲ್ಲಿ ದಿನದ ಬಾಡಿಗೆ. ಜನ ಕಲಿಯುವುದಕ್ಕೆ ಬರುವ ಊರಿನಲ್ಲಿ ತಿಂಗಳ ಬಾಡಿಗೆ. ಮೈಸೂರಿನ ಗೋಕುಲಂ ಬಡಾವಣೆ ನೋಡಿ. ಅಷ್ಟಾಂಗ ಯೋಗ ಕಲಿಯಲು ಹೊರದೇಶದವರು ಬಂದು ತಿಂಗಳುಗಟ್ಟಲೆ ಇರುತ್ತಾರೆ. ಅಲ್ಲಿ ಪಾತ್ರೆ, ಒಲೆ, ಮಂಚ ಎಲ್ಲಾ ಇರುವ ಮನೆ ತಿಂಗಳ ಲೆಕ್ಕದಲ್ಲಿ ಸಿಗುತ್ತದೆ. ಅರಮನೆ ಸುತ್ತಮುತ್ತ ಹುಡುಕಿದರೆ ಸಿಗುವುದು ಲಾಡ್ಜು. ಎರಡೂ ಮೈಸೂರೇ. ಋಷಿಕೇಶದ ತಪೋವನ, ಧರ್ಮಶಾಲಾ ಮೇಲಿನ ಧರ್ಮಕೋಟ್, ಸಂಗೀತ ಕಲಿಯುವವರು ಇರುವ ಕಾಶಿಯ ಅಸ್ಸಿ ಘಾಟ್ ಸುತ್ತಮುತ್ತ, ಎಲ್ಲಾ ಕಡೆ ಇದೇ ಕಥೆ. ಹೋಗುವ ಊರು ಆರಿಸುವಾಗ "ಅಲ್ಲಿ ಏನು ನೋಡಬಹುದು?" ಅನ್ನುವುದರ ಜೊತೆ "ಅಲ್ಲಿಗೆ ಯಾರು ಕಲಿಯುವುದಕ್ಕೆ ಬರುತ್ತಾರೆ?" ಅಂತಲೂ ಕೇಳಿಕೊಳ್ಳಿ. ನಮ್ಮ ದಾರಿ ಹೀಗೇ ನಿರ್ಧಾರ ಆಗುತ್ತಿತ್ತು. ಇರಲು ಒಳ್ಳೆಯ ಮನೆ ಸಿಕ್ಕ ಕಡೆ ಜಾಸ್ತಿ ದಿನ ಇದ್ದೆವು. ಅಲ್ಲಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಏನಿದೆಯೋ ಅದನ್ನು ನೋಡಿದೆವು.

ನಮ್ಮ ಸೀಮೆಯವರಿಗೆ ಛತ್ರ ಅಂದರೆ ಪ್ರೀತಿ. ನನಗೂ ಪ್ರೀತಿಯೇ. ಕಾಶಿಗೆ ಹೋದರೆ ಜಂಗಮವಾಡಿ ಮಠ, ತಿರುಮಲಕ್ಕೆ ಹೋದರೆ ಕರ್ನಾಟಕ ಛತ್ರ, ರಾಮೇಶ್ವರದಲ್ಲಿ ಶೃಂಗೇರಿ ಮಠ, ಅಮೃತಸರದಲ್ಲಿ ಗುರುದ್ವಾರದ ಸರಾಯ್. ಕನ್ನಡ ಮಾತಾಡುವವರು ಒಬ್ಬರು ಸಿಕ್ಕಿದರೆ ಅತ್ತೆಯ ಮುಖದಲ್ಲಿ ಬರುವ ಕಳೆಯೇ ಬೇರೆ. ಆದರೆ ಛತ್ರ ಇರುವುದು ಯಾತ್ರಿಕರಿಗೆ. ಒಂದೆರಡು ದಿನದ ಮೇಲೆ ಮುಂದಿನವರಿಗೆ ಬಿಟ್ಟುಕೊಡಬೇಕು, ಅದೇ ನ್ಯಾಯ. ರಾತ್ರಿ ಗೇಟು ಬೀಳುವ ಹೊತ್ತು, ಅಡುಗೆ ಮಾಡುವಂತಿಲ್ಲ ಅನ್ನುವ ನಿಯಮ, ಇವನ್ನೆಲ್ಲ ಮೊದಲೇ ಕೇಳಿಕೊಳ್ಳಿ. ರಾಜ್ಯ ಸರ್ಕಾರಗಳ ಪ್ರವಾಸೋದ್ಯಮ ನಿಗಮಗಳ ಹೋಟೆಲುಗಳೂ ಇವೆ. ನಮ್ಮಲ್ಲಿ ಮಯೂರ. ಉತ್ತರಾಖಂಡದಲ್ಲಿ ಕುಮಾವೂ ಕಡೆಗೆ ಒಂದು ನಿಗಮ, ಗಢವಾಲ್ ಕಡೆಗೆ ಇನ್ನೊಂದು. ಕಟ್ಟಡ ಹಳೆಯದಿರಬಹುದು, ಆದರೆ ಜಾಗ ಮಾತ್ರ ಬಲು ಚೆನ್ನಾಗಿರುತ್ತದೆ. ಬೇರೆ ಯಾರೂ ಬರುವ ಮುಂಚೆ ಕಟ್ಟಿದವು ಅವು. ಹಂಪಿಗೆ ಹೋದಾಗ ಕಮಲಾಪುರದ ಮಯೂರ ಭುವನೇಶ್ವರಿ ನೋಡಿ, ಗೊತ್ತಾಗುತ್ತದೆ.

ರೂಮು ನೋಡುವುದು ಹೇಗೆ ಅನ್ನುವುದನ್ನು ನಾನು ಕಲಿತಿದ್ದು ಅತ್ತೆಯಿಂದ. ಅವರಿಗೆ ಮಂಡಿ ನೋವು. ಅವರ ಮೊದಲ ಪ್ರಶ್ನೆ, "ಎಷ್ಟು ಮೆಟ್ಟಿಲು?" ಆ್ಯಪ್‌ನಲ್ಲಿ ಮಂಚ, ಪರದೆ, ಬಾಲ್ಕನಿ ಎಲ್ಲದರ ಫೋಟೊ ಇರುತ್ತದೆ. ಮೆಟ್ಟಿಲಿನ ಫೋಟೊ ಇರುವುದೇ ಇಲ್ಲ. ಬೆಟ್ಟದ ಊರುಗಳಲ್ಲಿ ರಸ್ತೆಯಿಂದ ಮನೆಗೆ ನೂರು ಮೆಟ್ಟಿಲು ಇಳಿಯುವುದು ಮಾಮೂಲು. ಒಳಗೆ ಹೋದ ಕೂಡಲೇ ಅವರು ಬಚ್ಚಲಿಗೆ ಹೋಗಿ ಬಿಸಿನೀರಿನ ನಲ್ಲಿ ತಿರುಗಿಸಿ ಕೈ ಕೆಳಗೆ ಹಿಡಿದು ನಿಲ್ಲುತ್ತಾರೆ. "ಬರತ್ತೆ ಮಾತಾಜಿ, ಹತ್ತು ನಿಮಿಷ" ಅಂತ ಮಾಲೀಕರು ಅಂದರೆ ಅವರು ಹತ್ತು ನಿಮಿಷ ಅಲ್ಲೇ ನಿಲ್ಲುತ್ತಾರೆ. ನೀರು ಬಿಸಿಯಾದ ಮೇಲೇ ಹೊರಗೆ ಬರುವುದು. ಆಮೇಲೆ ದಿಂಬು ಮೂಸಿ ನೋಡುತ್ತಾರೆ. ಕಿಟಕಿ ತೆಗೆದು ಆಚೆ ಗೋಡೆ ಇದೆಯೋ ಗಾಳಿ ಇದೆಯೋ ನೋಡುತ್ತಾರೆ. ಮಂಚದ ಕಾಲು ಅಲ್ಲಾಡಿಸುತ್ತಾರೆ. ಮುಜುಗರ ಪಡಬೇಡಿ. ತಿಂಗಳ ಬಾಡಿಗೆ ಕೊಡುವವರು ಇಷ್ಟು ನೋಡುವುದು ತಪ್ಪಲ್ಲ. ನಾನು ಇದಕ್ಕೆ ಒಂದು ಸೇರಿಸಿಕೊಂಡಿದ್ದೇನೆ. ಒಪ್ಪುವ ಮುಂಚೆ ರಾತ್ರಿ ಎಂಟು ಗಂಟೆ ಮೇಲೆ ಇನ್ನೊಂದು ಸಲ ಆ ಬೀದಿಗೆ ಹೋಗಿ. ಮದುವೆ ಮಂಟಪ, ಬಾರು, ಬೀದಿನಾಯಿ, ಕತ್ತಲೆ, ಇವೆಲ್ಲ ಗೊತ್ತಾಗುವುದು ಆಗಲೇ.

ಅಡುಗೆಮನೆ ಇದೆ ಅಂದರೆ ಸಾಲದು. ಏನಿದೆ ಅಂತ ಕೇಳಿ. ಕೆಲವರು ಫ್ರಿಡ್ಜಿನ ಮೇಲೆ ಒಂದು ಇಂಡಕ್ಷನ್ ಒಲೆ ಇಟ್ಟು ಅದನ್ನೇ ಅಡುಗೆಮನೆ ಅನ್ನುತ್ತಾರೆ. ಸಿಲಿಂಡರ್ ಯಾರದ್ದು, ಮುಗಿದರೆ ಯಾರು ತರಬೇಕು, ಕುಕ್ಕರ್ ಇದೆಯಾ? ಅಲ್ಮೋರಾ ಕಡೆ ಒಂದು ಹಳ್ಳಿಯಲ್ಲಿ ಮನೆಯ ಕೆಳಭಾಗ ನೋಡಲು ಹೋಗಿದ್ದೆವು. ಮನೆಯೊಡತಿ ಬಾಡಿಗೆಯಲ್ಲಿ ಒಂದು ರೂಪಾಯಿ ಇಳಿಸಲ್ಲ ಅಂದಿದ್ದರು. ಅಷ್ಟರಲ್ಲಿ ಅತ್ತೆ ಒಲೆ ಪಕ್ಕದ ಡಬ್ಬಿಯಲ್ಲಿ ರಾಗಿ ಹಿಟ್ಟು ಕಂಡರು. ಅಲ್ಲಿ ಮಡುವಾ ಅನ್ನುತ್ತಾರೆ, ಅದರಲ್ಲಿ ರೊಟ್ಟಿ ಮಾಡುತ್ತಾರೆ. ಅತ್ತೆ ಕೇಳಿಯೇ ಬಿಟ್ಟರು, ನಾನೊಂದು ಮಾಡಿ ತೋರಿಸಲಾ ಅಂತ. ಮುದ್ದೆ ಕೋಲು ಇರಲಿಲ್ಲ. ಅವರ ದಪ್ಪ ಮರದ ಸೌಟನ್ನೇ ತಿರುಗಿಸಿ ಹಿಡಿದು, ಪಾತ್ರೆಯನ್ನು ಕಾಲಿನಿಂದ ಒತ್ತಿ ಹಿಡಿದುಕೊಂಡು ತೊಳಸಿದರು. ಉಂಡೆ ಕಟ್ಟಿ ತಟ್ಟೆಗೆ ಹಾಕಿದಾಗ ಮನೆಯವರೆಲ್ಲ ಸುತ್ತ ನಿಂತಿದ್ದರು. ಬಾಡಿಗೆ ಇಳಿಯಲಿಲ್ಲ. ಆದರೆ ನಾವಿದ್ದಷ್ಟು ದಿನ ಹಾಲು, ಸೊಪ್ಪು, ಸೌದೆ ಯಾವುದಕ್ಕೂ ಅವರು ದುಡ್ಡು ತೆಗೆದುಕೊಳ್ಳಲಿಲ್ಲ. ಇಂಥದ್ದು ಯಾವ ಆ್ಯಪ್‌ನಲ್ಲೂ ಬುಕ್ ಆಗಲ್ಲ.

ಹೋಗಿ ನೋಡಿ ತಗೊಳ್ಳುವುದು ಎಲ್ಲಿ ನಡೆಯಲ್ಲ ಅಂದರೆ, ಜನ ತುಂಬುವ ಕಾಲದಲ್ಲಿ. ನಮ್ಮ ರಜೆ ಮಾತ್ರ ನೋಡಿಕೊಂಡರೆ ಆಗಲ್ಲ, ಬೇರೆಯವರ ರಜೆಯನ್ನೂ ನೋಡಬೇಕು. ದೀಪಾವಳಿ ಆದ ವಾರ ಗುಜರಾತಿನವರು ಮನೆಮಂದಿ ಸಮೇತ ಹೊರಡುತ್ತಾರೆ, ರಾಜಸ್ಥಾನ ತುಂಬಿಹೋಗುತ್ತದೆ. ದುರ್ಗಾಪೂಜೆ ರಜೆಯಲ್ಲಿ ಬಂಗಾಳದವರು ಬೆಟ್ಟ ಹತ್ತುತ್ತಾರೆ. ಮೇ, ಜೂನ್‌ನಲ್ಲಿ ದೆಹಲಿ ಜನವೆಲ್ಲ ಮನಾಲಿ, ಶಿಮ್ಲಾದಲ್ಲಿ. ಡಿಸೆಂಬರ್ ಕೊನೆಗೆ ಗೋವಾ, ರಥಯಾತ್ರೆಗೆ ಪುರಿ. ಇಂಥ ಹೊತ್ತಿನಲ್ಲಿ ಒಂದೋ ತುಂಬಾ ಮೊದಲೇ ಬುಕ್ ಮಾಡಿ, ಇಲ್ಲವೇ ಆ ಕಡೆ ತಲೆ ಹಾಕಬೇಡಿ. ನಾನಾದರೆ ತಲೆ ಹಾಕಲ್ಲ.

ಮೊದಲೇ ಬುಕ್ ಮಾಡಬೇಕಾದಾಗ ಮೋಸದ ಭಯ ಇರುತ್ತದೆ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬಲಿಯಾಗುವವರಲ್ಲಿ ನಮ್ಮಂಥ ಯಾತ್ರೆಗೆ ಹೊರಟ ಕುಟುಂಬಗಳೂ ಇವೆ. 2025ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಕೇಂದ್ರವೇ ಎಚ್ಚರಿಕೆ ಕೊಟ್ಟಿತು. ಕೇದಾರನಾಥದ ಹೆಲಿಕಾಪ್ಟರ್, ಚಾರ್‌ಧಾಮ್ ಯಾತ್ರಿಕರ ರೂಮು, ಸೋಮನಾಥದ ಗೆಸ್ಟ್‌ಹೌಸ್ ಇವೆಲ್ಲದರ ಹೆಸರಿನಲ್ಲಿ ನಕಲಿ ವೆಬ್‌ಸೈಟ್ ಮಾಡಿ ದುಡ್ಡು ಹೊಡೆಯುತ್ತಿದ್ದಾರೆ ಅಂತ. ನಡೆಯುವುದು ಹೀಗೆ. ನೀವು ಛತ್ರದ ಹೆಸರು ಹಾಕಿ ಹುಡುಕುತ್ತೀರಿ. ಮೇಲೆ ಬರುವುದು ಜಾಹೀರಾತು. ಅದರಲ್ಲಿರುವ ನಂಬರ್ ಛತ್ರದ್ದಲ್ಲ. ಫೋನ್ ತೆಗೆದವರು ಬಹಳ ಮರ್ಯಾದೆಯಿಂದ ಮಾತಾಡುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ ರೂಮಿನ ಫೋಟೊ, ಒಂದು ಕ್ಯೂಆರ್ ಕೋಡ್ ಬರುತ್ತದೆ. ದುಡ್ಡು ಹಾಕಿದ ಮೇಲೆ ಫೋನ್ ಸ್ವಿಚ್ ಆಫ್. ಇಡೀ ಕುಟುಂಬ ಚಳಿಯಲ್ಲಿ ಹೋಗಿ ನಿಂತಾಗ ಕೌಂಟರಿನಲ್ಲಿ ನಿಮ್ಮ ಹೆಸರೇ ಇರಲ್ಲ. ಹಾಗಾಗಿ ದೇವಸ್ಥಾನದ, ಟ್ರಸ್ಟಿನ ಸ್ವಂತ ವೆಬ್‌ಸೈಟ್ ಬಿಟ್ಟು ಬೇರೆಲ್ಲೂ ದುಡ್ಡು ಕಟ್ಟಬೇಡಿ. ಖಾಸಗಿ ಮನೆಯಾದರೆ ವಿಡಿಯೊ ಕಾಲ್ ಮಾಡಿ. "ಗೇಟಿನಿಂದ ರೂಮಿನವರೆಗೂ ನಡ್ಕೊಂಡು ಹೋಗಿ ತೋರಿಸಿ" ಅನ್ನಿ. ಜಾಗ ನಿಜವಾಗಿ ಇರುವವರು ತೋರಿಸುತ್ತಾರೆ. ಆ್ಯಪ್‌ನಲ್ಲಿ ಸಿಕ್ಕವರು "ಹೊರಗಡೆ ದುಡ್ಡು ಹಾಕಿ, ಕಮ್ಮಿ ಮಾಡ್ತೀನಿ" ಅಂದರೆ, ಮನೆ ಕಣ್ಣಾರೆ ನೋಡುವ ತನಕ ಒಪ್ಪಬೇಡಿ. ಹೊರಗೆ ಕೊಟ್ಟ ದುಡ್ಡಿಗೆ ಆ್ಯಪ್‌ನವರು ಜವಾಬ್ದಾರರಲ್ಲ. ಮೋಸ ಆಗಿಯೇ ಹೋದರೆ ಅಳುತ್ತಾ ಕೂರಬೇಡಿ, ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಆಧಾರ್ ಕೇಳಿದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಆಧಾರ್ ಪ್ರತಿ ಕೊಡಿ.

ರಿವ್ಯೂ ಓದುವಾಗ ತಾರೀಕು ನೋಡಿ. ಹಂಪಿಯ ಹೊಳೆಯಾಚೆ ವಿರೂಪಾಪುರಗಡ್ಡೆಯಲ್ಲಿ ಸಾಲು ಸಾಲು ಗೆಸ್ಟ್‌ಹೌಸ್ ಇದ್ದವು. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2020ರಲ್ಲಿ ಎಲ್ಲಾ ತೆರವಾದವು. ಅವುಗಳನ್ನು ಹೊಗಳಿದ ಹಳೇ ಬರಹಗಳು ಇವತ್ತಿಗೂ ಹುಡುಕಿದರೆ ಸಿಗುತ್ತವೆ. ಐದು ಸ್ಟಾರ್, ಒಂದು ಸ್ಟಾರ್ ಎರಡನ್ನೂ ಬಿಟ್ಟು ಮೂರು ಸ್ಟಾರ್ ಕೊಟ್ಟವರು ಬರೆದಿದ್ದನ್ನು ಓದಿ. ಸಿಟ್ಟೂ ಇಲ್ಲದೆ ಮೋಹವೂ ಇಲ್ಲದೆ ಬರೆಯುವವರು ಅವರೇ.

ಹೊರದೇಶದ ಬಗ್ಗೆ ಎರಡು ಮಾತು. ಮಕ್ಕಳು ಅಮೆರಿಕದಲ್ಲೋ ಯುರೋಪಿನಲ್ಲೋ ಇರುವವರು ಈ ಸಭೆಯಲ್ಲೂ ಇದ್ದೀರಿ. ಅಲ್ಲಿನ ದೊಡ್ಡ ಊರುಗಳು ಕಡಿಮೆ ದಿನದ ಮನೆ ಬಾಡಿಗೆಗೆ ಕಡಿವಾಣ ಹಾಕುತ್ತಿವೆ. ನ್ಯೂಯಾರ್ಕ್‌ನಲ್ಲಿ ಮನೆಯವರು ಜೊತೆಗಿಲ್ಲದೆ 30 ದಿನಕ್ಕಿಂತ ಕಡಿಮೆ ಅವಧಿಗೆ ಇಡೀ ಮನೆ ಕೊಡುವ ಹಾಗಿಲ್ಲ, 2023ರ ಸೆಪ್ಟೆಂಬರ್‌ನಿಂದ ಇದನ್ನು ಬಿಗಿಯಾಗಿ ಜಾರಿ ಮಾಡುತ್ತಿದ್ದಾರೆ. ಜಪಾನಿನಲ್ಲಿ 2018ರ ಕಾನೂನಿನ ಪ್ರಕಾರ ಇಂಥ ಮನೆಗಳನ್ನು ವರ್ಷಕ್ಕೆ 180 ದಿನ ಮಾತ್ರ ಕೊಡಬಹುದು. ಬಾರ್ಸಿಲೋನಾ 2028ರೊಳಗೆ ಪ್ರವಾಸಿ ಫ್ಲಾಟುಗಳನ್ನೇ ನಿಲ್ಲಿಸುತ್ತೇವೆ ಅಂದಿದೆ. ಅಲ್ಲಿ ಹುಟ್ಟಿ ಬೆಳೆದವರಿಗೆ ಬಾಡಿಗೆ ಮನೆ ಸಿಗದಂತಾಗಿದೆ, ಅವರ ಕೂಗು ನ್ಯಾಯವಾದದ್ದೇ. ಹಾಗಾಗಿ ನೋಂದಣಿ ಇರುವ ಮನೆಯನ್ನೇ ತೆಗೆದುಕೊಳ್ಳಿ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಕೊಡುವ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕುವಾಗಲೇ ಎಲ್ಲಿ ಇರುತ್ತೀರಿ ಅನ್ನುವುದಕ್ಕೆ ದಾಖಲೆ ಕೊಡಬೇಕು. ಅಲ್ಲಿ ನನ್ನ "ಹೋಗಿ ನೋಡಿ" ಮಾತು ನಡೆಯಲ್ಲ. ಉಚಿತವಾಗಿ ರದ್ದು ಮಾಡಬಹುದಾದ ಬುಕಿಂಗ್ ತೆಗೆದುಕೊಳ್ಳಿ. ಮಕ್ಕಳ ವಯಸ್ಸನ್ನು ಸರಿಯಾಗಿ ಹಾಕಿ. "ಚಿಕ್ಕ ಮಗು, ನಮ್ಮ ಜೊತೆ ಮಲಗುತ್ತೆ" ಅನ್ನುವ ಮಾತು ಅಲ್ಲಿನ ಕೌಂಟರಿನಲ್ಲಿ ಕೇಳಲ್ಲ.

ಮಾತು ಮುಗಿಸುವ ಮುಂಚೆ ಕೆಲವರು ಪ್ರಶ್ನೆ ಕೇಳಿದರು. ಅಡ್ವಾನ್ಸ್ ವಾಪಸ್ ಕೊಡದಿದ್ದರೆ ಏನು ಮಾಡುವುದು ಅಂತ ಒಬ್ಬರು ಸರ್ ಕೇಳಿದರು. ಒಳಗೆ ಹೋದ ದಿನವೇ ಕರೆಂಟ್ ಮೀಟರಿನ ಫೋಟೊ, ಗೋಡೆ, ಮಂಚ, ಪಾತ್ರೆಗಳ ಫೋಟೊ ತೆಗೆದು ಮಾಲೀಕರಿಗೇ ಕಳಿಸಿ. ಬಾಡಿಗೆ, ಕರೆಂಟ್, ನೀರು, ಗ್ಯಾಸ್ ಯಾರದ್ದು ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಮೊದಲೇ ಬರೆದಿಟ್ಟಿದ್ದರೆ ಜಗಳ ಕಡಿಮೆ.

ಇನ್ನೊಬ್ಬ ತಾಯಿ ಎದ್ದು ನಿಂತು ಕೇಳಿದ್ದು ಬೇರೆ. "ನಮ್ಮ ಹೆಸರು ಕೇಳಿದ ತಕ್ಷಣ ಖಾಲಿ ಇಲ್ಲ ಅಂತಾರಲ್ಲ, ಅದಕ್ಕೇನು ಮಾಡೋದು?" ಸಭೆ ಒಂದು ಕ್ಷಣ ಸುಮ್ಮನಾಯಿತು. ಇದು ನಡೆಯುತ್ತದೆ. ಜಾತಿ ಕೇಳುತ್ತಾರೆ, ಧರ್ಮ ಕೇಳುತ್ತಾರೆ, ಏನು ತಿನ್ನುತ್ತೀರಿ ಅಂತ ಕೇಳುತ್ತಾರೆ. ನನ್ನನ್ನೂ ಕೇಳಿದ್ದಾರೆ. ನನಗೆ ರೂಮು ಸಿಕ್ಕಿದೆ, ಅದೇ ಬೀದಿಯಲ್ಲಿ ಬೇರೆಯವರಿಗೆ ಸಿಕ್ಕಿಲ್ಲ. ಇದು ತಪ್ಪು. ಹೋಟೆಲುಗಳಿಗೆ ಹೋಗುವ ವಿಷಯದಲ್ಲಿ ಧರ್ಮ, ಜಾತಿ ನೋಡಿ ಯಾರನ್ನೂ ತಡೆಯುವಂತಿಲ್ಲ ಅಂತ ನಮ್ಮ ಸಂವಿಧಾನದ 15ನೇ ವಿಧಿಯ 2ನೇ ಭಾಗದಲ್ಲಿ ಬರೆದಿದೆ. ಹೋಟೆಲಿನವರು ಹೀಗೆ ಮಾಡಿದರೆ ಆ ಮಾತನ್ನು ಅವರಿಗೆ ಹೇಳಿ, ನಿಮ್ಮ ಜೊತೆ ಬೇರೆಯವರಿದ್ದರೆ ಅವರೂ ಹೇಳಲಿ. ಆದರೆ ಮಕ್ಕಳನ್ನು ಕರೆದುಕೊಂಡು ರಾತ್ರಿ ಬೀದಿಯಲ್ಲಿ ನಿಂತವರಿಗೆ ಆ ಹೊತ್ತಿಗೆ ಬಾಗಿಲು ತೆರೆಯಬೇಕಲ್ಲ. ಆ ಕಾರಣಕ್ಕೂ ಮೊದಲ ರಾತ್ರಿಗಳಿಗೆ ನಿಗಮದ ಹೋಟೆಲು, ರೈಲ್ವೆಯ ರಿಟೈರಿಂಗ್ ರೂಮು ಇಟ್ಟುಕೊಳ್ಳಿ. ಗುರುದ್ವಾರದ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಆ್ಯಪ್‌ನಲ್ಲಾದರೆ ಮಾಲೀಕರ ಒಪ್ಪಿಗೆಗೆ ಕಾಯದೆ ಆ ಕೂಡಲೇ ಖಚಿತವಾಗುವ ಬುಕಿಂಗ್ ಆರಿಸಿಕೊಳ್ಳಿ. ಬಂದ ಮೇಲೆ ವಾಪಸ್ ಕಳಿಸಿದರೆ ಆ್ಯಪ್‌ನವರಿಗೆ ದೂರು ಕೊಡಿ, ನಡೆದಿದ್ದನ್ನು ರಿವ್ಯೂನಲ್ಲಿ ಬರೆಯಿರಿ. ಮುಂದೆ ಬರುವ ಕುಟುಂಬಕ್ಕೆ ಅದು ಬೇಕು.

ಆ ತಾಯಿ ಬೇಸಿಗೆ ರಜೆಯಲ್ಲಿ ಮಕ್ಕಳ ಜೊತೆ ಹದಿನೈದು ದಿನ ಮೈಸೂರಿನಲ್ಲಿ ಇರಬೇಕು ಅಂದುಕೊಂಡಿದ್ದಾರೆ. ನೆಲಮಹಡಿ ಬೇಕು, ಗ್ಯಾಸ್ ಒಲೆ ಬೇಕು. ಮೈಸೂರಿನಲ್ಲಿ ಮನೆ ಕೊಡುವವರು, ಅಂಥವರನ್ನು ಬಲ್ಲವರು ಇಲ್ಲಿ ಯಾರಾದರೂ ಇದ್ದರೆ ಊಟಕ್ಕೆ ಹೋಗುವ ಮುಂಚೆ ದಯವಿಟ್ಟು ಅವರ ಹತ್ತಿರ ಮಾತಾಡಿ. ಅವರು ಎರಡನೇ ಸಾಲಿನಲ್ಲಿ ಕೂತಿದ್ದಾರೆ.